ನೆಲದ ಒಡಲಿನ ನಕ್ಷೆ

ಭೂಪಟವನ್ನು ಕಾಣದವರು ನಮ್ಮಲ್ಲಿ ಯಾರೂ ಇರಲಾರರು. ಊರು, ಹೊಳೆ, ಬೆಟ್ಟ, ರೈಲುದಾರಿ, ಸೀಮೆಯ ಎಲ್ಲೆ ಇವನ್ನೆಲ್ಲ ಗೆರೆಗಳಿಂದಲೂ ಚುಕ್ಕೆಗಳಿಂದಲೂ ತೋರಿಸುವ ಆ ಹಾಳೆಯನ್ನು ಶಾಲೆಯ ಗೋಡೆಯ ಮೇಲೆ ನೋಡುತ್ತಲೇ ನಾವೆಲ್ಲರೂ ಬೆಳೆದೆವು. ಅದರ ಜಾತಿಗೇ ಸೇರಿದ, ಆದರೆ ಅದಕ್ಕಿಂತ ಬಹಳ ಬೇರೆಯಾದ ಇನ್ನೊಂದು ಭೂಪಟವುಂಟು. ಅದರಲ್ಲಿ ಊರುಗಳ ಹೆಸರು ಹಿಂದೆ ಸರಿದಿರುತ್ತದೆ. ಹಾಳೆಯ ತುಂಬ ಗುಲಾಬಿ, ಹಸುರು, ಹಳದಿ, ನೀಲಿ ಬಣ್ಣದ ಪಟ್ಟೆಗಳು ಹೊಳೆಯಂತೆ ಬಳುಕುತ್ತ, ಒಂದನ್ನೊಂದು ಅಡ್ಡಗಟ್ಟುತ್ತ ಹರಡಿಕೊಂಡಿರುತ್ತವೆ. ಇದೇ ಭೂಗರ್ಭಶಾಸ್ತ್ರದ ನಕ್ಷೆ. ಯಾವ ಬಣ್ಣವು ಯಾವ ಶಿಲೆಯದು ಎಂಬುದನ್ನು ಅಂಚಿನಲ್ಲಿ ಪಟ್ಟಿಮಾಡಿ ಕೊಟ್ಟಿರುತ್ತಾರೆ. ವಿದ್ಯಾರ್ಥಿದೆಶೆಯಲ್ಲಿ ಮೊದಲ ಬಾರಿಗೆ ನಮ್ಮ ಕೈಗೆ ಇಂತಹ ಹಾಳೆಯನ್ನೂ ಬಣ್ಣದ ಕಡ್ಡಿಗಳನ್ನೂ ಕೊಟ್ಟಾಗ, ಇದೇನು ಚಿತ್ರಲೇಖನದ ತರಗತಿಯೋ ಎಂದು ನಾವು ನಕ್ಕದ್ದುಂಟು.

ನಗುವಿನ ಕಾಲ ಬೇಗ ಕಳೆಯಿತು. ಆ ಹಾಳೆಯಲ್ಲಿ ಕೆರೆಯ ಮೇಲೂ ಬಣ್ಣವಿದೆ, ಗದ್ದೆಯ ಮೇಲೂ ಬಣ್ಣವಿದೆ, ಪೇಟೆಯ ಬೀದಿಗಳ ಮೇಲೂ ಬಣ್ಣವಿದೆ. ಕೆರೆಯ ಹೂಳಿನ ಕೆಳಗಿರುವ ಬಂಡೆಯನ್ನು ಕಂಡವರಾರು? ಒಂದು ಚದರ ಮೈಲಿ ನೆಲದಲ್ಲಿ ಬಂಡೆಯು ನಿಜವಾಗಿ ಕಣ್ಣಿಗೆ ಬೀಳುವುದು ನಾಲ್ಕಾರು ಕಡೆ: ಹಳ್ಳದ ದಡದಲ್ಲಿ, ಬಾವಿಯ ಗೋಡೆಯಲ್ಲಿ, ರಸ್ತೆಗಾಗಿ ದಿಣ್ಣೆಯನ್ನು ಕಡಿದಲ್ಲಿ, ಗುಡ್ಡದ ನೆತ್ತಿಯಲ್ಲಿ. ಮಿಕ್ಕದ್ದೆಲ್ಲ ಮಣ್ಣಿನಡಿ ಮುಚ್ಚಿಹೋಗಿದೆ. ಹಾಗಿದ್ದೂ ನಕ್ಷೆಯನ್ನು ಮಾಡಿದವನು ಒಂದಂಗುಲವನ್ನೂ ಬಿಡದೆ ಬಣ್ಣ ತುಂಬಿದ್ದಾನೆ. ಅಂದಮೇಲೆ ಈ ನಕ್ಷೆಯು ಕಂಡದ್ದರ ಚಿತ್ರವಲ್ಲ. ಕಂಡ ಅಲ್ಪದಿಂದ ಕಾಣದ ಬಹುಭಾಗವನ್ನು ಊಹಿಸಿ ಹೇಳಿದ ಮಾತು. ಆ ಮಾತು ಸುಳ್ಳಾದರೆ ಗಣಿ ತೋಡಿದವನ ಹಣ ನೆಲದ ಪಾಲಾಗುತ್ತದೆ. ಊಹೆಗೆ ಇಷ್ಟು ಧೈರ್ಯ ಬಂದುದು ಹೇಗೆ? ಇದನ್ನು ತಿಳಿಯಬೇಕಾದರೆ, ಒಂದು ಇಡೀ ದೇಶಕ್ಕೆ ಇಂತಹ ನಕ್ಷೆಯನ್ನು ಒಬ್ಬಂಟಿಗನಾಗಿ ಮಾಡಿದ ಇಂಗ್ಲೆಂಡಿನ ವಿಲಿಯಂ ಸ್ಮಿತ್ತನ ಬಳಿಗೆ ಹೋಗಬೇಕು.

ಸ್ಮಿತ್ತನು ೧೭೬೯ನೆಯ ಮಾರ್ಚಿ ೨೩ರಂದು ಆಕ್ಸ್‌ಫರ್ಡ್ ಸೀಮೆಯ ಚರ್ಚಿಲ್ ಎಂಬ ಹಳ್ಳಿಯಲ್ಲಿ ಕಮ್ಮಾರನೊಬ್ಬನ ಮಗನಾಗಿ ಹುಟ್ಟಿದನು. ಎಂಟು ವರ್ಷ ವಯಸ್ಸಿನಲ್ಲಿ ತಂದೆ ತೀರಿಕೊಂಡುದರಿಂದ ಬೇಸಾಯಗಾರನಾದ ದೊಡ್ಡಪ್ಪನೊಬ್ಬನ ಆಶ್ರಯದಲ್ಲಿ ಬೆಳೆದನು. ಆ ಹಳ್ಳಿಯ ಹೊಲಗಳಲ್ಲಿ ಚಿಪ್ಪಿನಾಕಾರದ ಸಣ್ಣ ಕಲ್ಲುಗಳು ಹೇರಳವಾಗಿ ಸಿಕ್ಕುತ್ತಿದ್ದುವು. ಹುಡುಗರು ಅವನ್ನು ಗೋಲಿಗಳಾಗಿ ಆಡುತ್ತಿದ್ದರು. ಬನ್ನಿನಂತೆ ದುಂಡಗಿನ, ಮೇಲೆ ನಕ್ಷತ್ರದ ಗುರುತುಳ್ಳ ಬೇರೊಂದು ಬಗೆಯ ಕಲ್ಲನ್ನು ಬೆಣ್ಣೆ ಮಾರುವ ಹೆಂಗಸರು ತಕ್ಕಡಿಯಲ್ಲಿ ಪೌಂಡಿನ ತೂಕದ ಕಲ್ಲಾಗಿ ಬಳಸುತ್ತಿದ್ದರು. ಇವೆರಡೂ ಹಿಂದೆ ಕಡಲಿನಲ್ಲಿ ಬದುಕಿದ್ದ ಪ್ರಾಣಿಗಳ ಪಳೆಯುಳಿಕೆಗಳು. ತಕ್ಕಡಿಯ ಕಲ್ಲನ್ನು ಅಲ್ಲಿ ಎಲ್ಲರೂ ಕಂಡಿದ್ದರು. ಅದು ಯಾವ ಹೊಲದಲ್ಲಿ ಸಿಕ್ಕುತ್ತದೆ, ಯಾವ ಹೊಲದಲ್ಲಿ ಸಿಕ್ಕುವುದಿಲ್ಲ ಎಂಬುದನ್ನು ಮುಂದೆ ಲೆಕ್ಕವಿಟ್ಟವನು ಈ ಕಮ್ಮಾರನ ಮಗ.

ಅವನಿಗೆ ಕಾಲೇಜಿನ ವಿದ್ಯೆ ದೊರೆಯಲಿಲ್ಲ. ೧೭೮೭ರಲ್ಲಿ, ಹದಿನೆಂಟನೆಯ ವರ್ಷದಲ್ಲಿ, ಎಡ್ವರ್ಡ್ ವೆಬ್ ಎಂಬ ಮೋಜಣಿದಾರನ ಕೈಕೆಳಗೆ ಸೇರಿ ಸರಪಳಿ ಹಿಡಿದು ನೆಲವನ್ನು ಅಳೆಯುವ ಕೆಲಸವನ್ನು ಕಲಿತನು. ಆ ಕೆಲಸವೇ ೧೭೯೧ರಲ್ಲಿ ಅವನನ್ನು ಸಾಮರ್ಸೆಟ್ ಸೀಮೆಯ ಕಲ್ಲಿದ್ದಲಿನ ಪ್ರದೇಶಕ್ಕೆ ತಂದಿತು. ಅಲ್ಲಿ ಹೈ ಲಿಟಲ್‌ಟನ್ ಎಂಬ ಊರಿನ ಬಳಿ ಮರ್ನ್ಸ್ ಎಂಬ ಗಣಿಯನ್ನು ಪರೀಕ್ಷಿಸಲು ಅವನು ಕೆಳಗಿಳಿದನು.

ಗಣಿಯ ಗೋಡೆಯಲ್ಲಿ ಅವನಿಗೆ ಎರಡು ಸಂಗತಿಗಳು ಕಂಡುವು. ಕಲ್ಲಿದ್ದಲಿನ ಪದರಗಳೂ ಅವುಗಳ ನಡುವಣ ಮರಳುಗಲ್ಲು, ಜೇಡಿಗಲ್ಲುಗಳೂ ಗೊತ್ತಾದ ಕ್ರಮದಲ್ಲಿ ಒಂದರಮೇಲೊಂದು ಬರುತ್ತಿದ್ದುವು. ಈ ಕ್ರಮ ಕೂಲಿಯಾಳುಗಳಿಗೆಲ್ಲ ಬಾಯಿಪಾಠವಾಗಿತ್ತು. ಎರಡನೆಯದು ಇನ್ನೂ ವಿಚಿತ್ರ. ಕಲ್ಲಿದ್ದಲಿನ ಪದರಗಳು ಕಡಿದಾಗಿ ಓರೆಯಾಗಿದ್ದುವು. ಅವುಗಳ ಮೇಲಿದ್ದ ಕೆಂಪು ಜೇಡಿಯ ಹಾಸು ಮಾತ್ರ ಬಹುಮಟ್ಟಿಗೆ ಮಟ್ಟಸವಾಗಿ ಮಲಗಿತ್ತು. ಕೆಳಗಿನವು ಓರೆಯಾಗಿ, ಸವೆದು, ಆಮೇಲೆ ಮೇಲಿನದು ಬಂದು ಹಾಸಿಕೊಂಡಿದೆ ಎಂದೇ ಇದರ ಅರ್ಥ. ಕೆಂಪು ನೆಲದ ಮೇಲಣ ಶಿಲೆಗಳಲ್ಲಿಯೂ ಇಂತಹುದೇ ಕ್ರಮವುಂಟೆ ಎಂದು ಅವನು ಕೇಳಿದಾಗ, ಅಲ್ಲಿ ಯಾವ ಕ್ರಮವೂ ಇಲ್ಲವೆಂದು ಗಣಿಯವರು ಹೇಳಿದರು. ಅವರ ತಪ್ಪೇನೂ ಇಲ್ಲ. ಕಲ್ಲಿದ್ದಲಿಲ್ಲದ ಕಲ್ಲಿನ ಗೋಜು ಅವರಿಗೇಕೆ? ಸ್ಮಿತ್ತನಿಗೆ ಈ ಉತ್ತರದಿಂದ ಸಮಾಧಾನವಾಗಲಿಲ್ಲ.

ಅವನ ಸಂದೇಹವನ್ನು ಪರೀಕ್ಷಿಸುವುದಕ್ಕೆ ನೆಲವನ್ನೇ ಸೀಳಿದಂತಹ ಸಂದರ್ಭವೂ ಒದಗಿತು. ಕಲ್ಲಿದ್ದಲನ್ನು ದೋಣಿಗಳಲ್ಲಿ ಸಾಗಿಸಲು ಸಾಮರ್ಸೆಟ್ಟಿನ ಗಣಿಗಾರರು ಕಾಲುವೆಯೊಂದನ್ನು ತೋಡಿಸಲು ನಿಶ್ಚಯಿಸಿ, ೧೭೯೩ರಲ್ಲಿ ಸ್ಮಿತ್ತನನ್ನು ಮೋಜಣಿಗೆ ನೇಮಿಸಿದರು. ಬೇರೆ ಕಾಲುವೆಗಳನ್ನು ನೋಡಿಬರಲು ೧೭೯೪ರಲ್ಲಿ ಇಬ್ಬರು ಸದಸ್ಯರೊಡನೆ ಅವನು ಗಾಡಿಯಲ್ಲಿ ಸುಮಾರು ೯೦೦ ಮೈಲಿ ಪ್ರವಾಸ ಮಾಡಿದನು. ಜೊತೆಯವರು ಕಾಲುವೆಗಳನ್ನು ನೋಡಿದರು. ಇವನು ಬೆಟ್ಟಗಳ ಆಕಾರವನ್ನು ನೋಡಿದನು. ಯಾರ್ಕಿನ ದೊಡ್ಡ ಇಗರ್ಜಿಯ ಗೋಪುರದ ಮೇಲಿನಿಂದ ದೂರದ ಬೆಟ್ಟಸಾಲನ್ನು ಕಂಡು, ಅದರ ಮೈಕಟ್ಟಿನಿಂದಲೇ ಅದು ಸೀಮೆಸುಣ್ಣದ ಕಲ್ಲಿನದೆಂದು ನಿರ್ಣಯಿಸಿದನಂತೆ. ಮರಳಿ ಬಂದ ಮೇಲೆ ಅಗೆತ ಮೊದಲಾಯಿತು. ಕಾಲುವೆಗೆ ಎರಡು ಕವಲು, ಎರಡು ಕಣಿವೆ; ಎರಡರಲ್ಲಿಯೂ ಅವೇ ಶಿಲೆಗಳು ಅದೇ ಕ್ರಮದಲ್ಲಿ ಬಂದುವು. ಎಲ್ಲವೂ ಮೂಡಲ ಕಡೆಗೆ ಮೆಲ್ಲನೆ ಇಳಿಜಾರಾಗಿದ್ದುವು. ಬೆಣ್ಣೆ ಹಚ್ಚಿದ ರೊಟ್ಟಿಯ ಹೋಳುಗಳನ್ನು ಒಂದರಮೇಲೊಂದು ಓರೆಯಾಗಿ ಒರಗಿಸಿದಂತೆ ಎಂಬುದು ಅವನ ಉಪಮಾನ. ತಟ್ಟೆಯಲ್ಲಿ ಓರೆಯಾಗಿ ಜೋಡಿಸಿದ ಹೋಳಿಗೆಗಳಂತೆ ಎಂದು ನಾವು ಹೇಳಿಕೊಳ್ಳಬಹುದು.

ಆದರೆ ಒಂದು ತೊಡಕಿತ್ತು. ಬಾತ್ ನಗರದ ಸುತ್ತ ಹಳದಿಯ ಸುಣ್ಣಕಲ್ಲಿನ ಎರಡು ಹಾಸುಗಳಿವೆ. ನಡುವೆ, ಉಣ್ಣೆಬಟ್ಟೆಯ ಜಿಡ್ಡನ್ನು ತೆಗೆಯಲು ಬಳಸುವ ಒಂದು ಜೇಡಿಯ ಪದರವಿದೆ. ಮೇಲಿನ ಸುಣ್ಣಕಲ್ಲೂ ಕೆಳಗಿನದೂ ನೋಡುವುದಕ್ಕೆ ಅವಳಿಗಳಂತೆ. ಗುಡ್ಡದ ಪಕ್ಕದಲ್ಲಿ ಒಂದು ತುಂಡು ಹಳದಿಯ ಕಲ್ಲು ಕಂಡರೆ ಅದು ಯಾವುದೆಂದು ಹೇಳುವುದು ಹೇಗೆ? ಹೇಳಲಾರದಿದ್ದರೆ ಬಣ್ಣವನ್ನು ಎಲ್ಲಿ ನಿಲ್ಲಿಸಬೇಕು? ಇಲ್ಲಿ ಸ್ಮಿತ್ತನ ಬಾಲ್ಯದ ಗೋಲಿಗಳು ನೆರವಿಗೆ ಬಂದುವು. ಒಂದೊಂದು ಪದರದಲ್ಲಿಯೂ ಅದಕ್ಕೇ ಮೀಸಲಾದ ಪಳೆಯುಳಿಕೆಗಳಿರುತ್ತವೆ. ಕಲ್ಲಿನ ಬಣ್ಣ ಮೋಸಮಾಡಿದರೂ ಅದರೊಳಗಿನ ಚಿಪ್ಪು ಮೋಸಮಾಡುವುದಿಲ್ಲ. ೧೭೯೬ನೆಯ ಜನವರಿ ೫ರ ರಾತ್ರಿ ಡಂಕರ್ಟನ್ ಎಂಬ ಹಳ್ಳಿಯ ಸ್ವಾನ್ ಎಂಬ ಛತ್ರದಲ್ಲಿ ತಂಗಿದ್ದಾಗ ಅವನು ಈ ವಿಚಾರವನ್ನು ಒಂದು ಕಾಗದದ ಮೇಲೆ ಬರೆದಿಟ್ಟನು. ಪಳೆಯುಳಿಕೆಗಳನ್ನು ಕೂಡಿಸಿ ಗಾಜಿನ ಪೆಟ್ಟಿಗೆಯಲ್ಲಿಡುವ ಶ್ರೀಮಂತರು ಆಗ ಬಹಳ ಮಂದಿ ಇದ್ದರು. ಅವು ಸಿಕ್ಕಿದ ಪದರದ ಲೆಕ್ಕವಿಲ್ಲದ ಮೇಲೆ ಅವು ಬರಿಯ ಆಟಿಕೆಗಳೇ.

ಅಂತಹ ಸಂಗ್ರಹಕಾರರಲ್ಲಿ ಬೆಂಜಮಿನ್ ರಿಚರ್ಡ್‌ಸನ್ ಎಂಬ ಪಾದ್ರಿಯೂ ಒಬ್ಬ. ಸ್ಮಿತ್ತನು ಅವನ ಮನೆಗೆ ಹೋಗಿ, ಅಸ್ತವ್ಯಸ್ತವಾಗಿದ್ದ ಕಲ್ಲುಗಳನ್ನೆಲ್ಲ ಅವು ಬಂದ ಪದರದ ಕ್ರಮಕ್ಕೆ ಸರಿಯಾಗಿ ಜೋಡಿಸಿಬಿಟ್ಟನು. ಪಾದ್ರಿಗೆ ಬೆರಗಾಯಿತು. ಅವನ ಸ್ನೇಹಿತನಾದ ಜೋಸೆಫ್ ಟೌನ್‌ಸೆಂಡ್ ಪಾದ್ರಿಯೊಡನೆ ಪಂದ್ಯವೆಂಬಂತೆ ಒಂದು ಪರೀಕ್ಷೆಯೂ ನಡೆಯಿತು. ದೂರದಲ್ಲಿದ್ದ ಡಂಡ್ರಿ ಬೆಟ್ಟದ ನೆತ್ತಿಯ ಮೇಲೆ ಕೆಳಗಿನ ಹಳದಿ ಸುಣ್ಣಕಲ್ಲೂ ಅದರ ಪಳೆಯುಳಿಕೆಗಳೂ ಇರಬೇಕೆಂದು ಸ್ಮಿತ್ತನು ಮೊದಲೇ ಹೇಳಿದನು. ಮೂವರೂ ಹತ್ತಿಹೋಗಿ ನೋಡಿದರೆ ಹಾಗೆಯೇ ಇತ್ತು. ನಮ್ಮ ದೃಷ್ಟಿಯಲ್ಲಿ ಈ ಶಾಸ್ತ್ರದ ನಿಜವಾದ ಜನ್ಮ ಆ ಬೆಟ್ಟದ ಮೇಲೆ. ಕಂಡದ್ದನ್ನು ವರ್ಣಿಸುವವರು ಹಿಂದೆಯೂ ಇದ್ದರು. ಕಾಣುವ ಮುನ್ನ ಹೇಳಿ, ಆಮೇಲೆ ಹೋಗಿ ಒರೆಗೆ ಹಚ್ಚಿದುದು ಇವನ ವಿಶೇಷ. ೧೭೯೯ನೆಯ ಜೂನ್ ೧೧ರಂದು ಬಾತಿನಲ್ಲಿ ಟೌನ್‌ಸೆಂಡನ ಮನೆಯಲ್ಲಿ ಸ್ಮಿತ್ತನು ಬಾಯಲ್ಲಿ ಹೇಳುತ್ತ ಹೋದಂತೆ ರಿಚರ್ಡ್‌ಸನ್ ೨೩ ಪದರಗಳ ಪಟ್ಟಿಯನ್ನು ಬರೆದುಕೊಂಡನು. ಆ ಪಟ್ಟಿಯ ಪ್ರತಿಗಳು ಕೈಯಿಂದ ಕೈಗೆ ಹೋದುವು. ಅದೇ ವರ್ಷ ಅವನು ಬಾತಿನ ಸುತ್ತಣ ಐದು ಮೈಲಿಯ ನೆಲಕ್ಕೆ ಬಣ್ಣ ತುಂಬಿದ ದುಂಡು ನಕ್ಷೆಯೊಂದನ್ನೂ ಮಾಡಿದನು. ಕಾಲುವೆಯ ಕೆಲಸದಿಂದ ಅವನನ್ನು ತೆಗೆದುಹಾಕಿದುದೂ ಅದೇ ವರ್ಷ.

ಈಗ ಇಂತಹ ನಕ್ಷೆಯನ್ನು ಓದುವ ಬಗೆಯನ್ನು ಸ್ವಲ್ಪ ಹೇಳಬೇಕು. ರೇಡಿಯೋದಲ್ಲಿ ಹಾಳೆಯನ್ನು ಬಿಚ್ಚಿ ತೋರಿಸುವಂತಿಲ್ಲ; ಆದಕಾರಣ ಶ್ರೋತೃಗಳು ತಮ್ಮ ಮನೆಯ ಹೆಂಚಿನ ಮಾಡನ್ನು ನೆನೆಯಬೇಕು. ಮಳೆಯ ನೀರು ಮಾಡಿನ ಮೇಲೆ ಯಾವ ಕಡೆಗೆ ಹರಿದಿಳಿಯುತ್ತದೆಯೋ ಅದು ಮಾಡಿನ ವಾಟ. ಆ ವಾಟಕ್ಕೆ ಅಡ್ಡಲಾಗಿ, ಏರಿಳಿತವಿಲ್ಲದೆ ಓಡುವ ಹೆಂಚಿನ ಸಾಲು ಇನ್ನೊಂದು ದಿಕ್ಕು. ಶಿಲೆಯ ಹಾಸಿಗೂ ಹೀಗೆಯೇ ಒಂದು ವಾಟ, ಒಂದು ಅಡ್ಡಸಾಲು. ದಿಕ್ಸೂಚಿಯಿಂದ ದಿಕ್ಕನ್ನೂ, ಓರೆಯನ್ನಳೆಯುವ ಸಣ್ಣ ಯಂತ್ರದಿಂದ ಡಿಗ್ರಿಯನ್ನೂ ತಿಳಿದು ಇವನ್ನು ನಕ್ಷೆಯ ಮೇಲೆ ಗುರುತುಮಾಡುತ್ತಾರೆ. ಎರಡು ಕಡೆ ಕಂಡ ಒಂದೇ ಹಾಸಿನ ವಾಟ ಗೊತ್ತಾದರೆ ನಡುವಣ ಮಣ್ಣಿನಡಿಯಲ್ಲಿ ಅದು ಯಾವ ದಾರಿಯಾಗಿ ಹೋಗಿರಬೇಕೆಂಬುದು ಲೆಕ್ಕಕ್ಕೆ ಸಿಕ್ಕುತ್ತದೆ. ಕಾಣದ ನೆಲಕ್ಕೆ ಬಣ್ಣ ತುಂಬುವ ಧೈರ್ಯದ ಗುಟ್ಟು ಇಷ್ಟೆ.

ಹಾಸುಗಳು ಮಟ್ಟಸವಾಗಿದ್ದರೆ ಅವುಗಳ ಅಂಚು ಬೆಟ್ಟವನ್ನು ಒಂದೇ ಎತ್ತರದಲ್ಲಿ, ಒಡ್ಯಾಣದಂತೆ ಸುತ್ತಿಕೊಂಡು ಹೋಗುತ್ತದೆ. ಗೋಡೆಯಂತೆ ನೆಟ್ಟಗೆ ನಿಂತಿದ್ದರೆ ಬೆಟ್ಟವಿರಲಿ, ಕಣಿವೆಯಿರಲಿ, ಅಳತೆಕೋಲಿನಿಂದ ಎಳೆದಂತೆ ನೇರವಾಗಿ ಹೋಗುತ್ತದೆ. ಓರೆಯಾಗಿದ್ದರೆ ಕಣಿವೆಯನ್ನು ದಾಟುವಾಗ ಗೆರೆಯು ಮೊನೆಯಾಗಿ ಬಾಗುತ್ತದೆ. ಆ ಮೊನೆ ತಿರುಗಿರುವ ಕಡೆಗೇ ಸಾಮಾನ್ಯವಾಗಿ ಹಾಸಿನ ವಾಟ. ಹೊಳೆ ಹರಿಯುವ ದಿಕ್ಕಿಗೇ ವಾಟವಿದ್ದು, ಅದು ಹೊಳೆಯ ಇಳುಕಲಿಗಿಂತಲೂ ಮಂದವಾಗಿದ್ದರೆ ಮಾತ್ರ ಈ ಸೂತ್ರ ತಪ್ಪುತ್ತದೆ. ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಎಡವುವುದು ಅಲ್ಲೇ. ಹೊಸಬರು ಬೀಳುವ ಇನ್ನೊಂದು ಗುಂಡಿಯೆಂದರೆ, ನಕ್ಷೆಯಲ್ಲಿ ಅಗಲವಾಗಿ ಕಂಡದ್ದನ್ನು ದಪ್ಪನಾದ ಹಾಸೆಂದು ತಿಳಿಯುವುದು. ಗೇಣುದ್ದದ ಪುಸ್ತಕವನ್ನು ಮೇಜಿನ ಮೇಲೆ ಮಲಗಿಸಿದರೆ ಅಂಗೈಯಗಲ ಮುಚ್ಚುತ್ತದೆ, ನಿಲ್ಲಿಸಿದರೆ ಬೆರಳಗಲ. ಪುಸ್ತಕದ ದಪ್ಪ ಬದಲಾಗಿಲ್ಲ.

ಸ್ಮಿತ್ತನು ಇವನ್ನೆಲ್ಲ ಪುಸ್ತಕದಿಂದ ಕಲಿತವನಲ್ಲ. ಕಲಿಸುವ ಪುಸ್ತಕವೇ ಆಗ ಇರಲಿಲ್ಲ. ಜೌಗುನೆಲವನ್ನು ಬಸಿಯುವ ಕೆಲಸವನ್ನು ಊರೂರಿನಲ್ಲಿ ಹಿಡಿದು, ಅದರ ಸಂಪಾದನೆಯನ್ನು ಪ್ರವಾಸಕ್ಕೆ ಸುರಿದು, ಹದಿನೈದು ವರ್ಷಕ್ಕೂ ಮಿಗಿಲಾಗಿ ಅಲೆದನು. ೧೮೧೫ನೆಯ ಆಗಸ್ಟ್ ೧ರಂದು, ವಾಟರ್ಲೂ ಯುದ್ಧ ಮುಗಿದು ಆರು ವಾರಗಳಾಗಿದ್ದಾಗ, ಅವನ ದೊಡ್ಡ ನಕ್ಷೆ ಹೊರಬಿತ್ತು. ಜಾನ್ ಕೇರಿ ಎಂಬ ಪ್ರಸಿದ್ಧನು ಅದನ್ನು ತಾಮ್ರದ ತಗಡಿನ ಮೇಲೆ ಕೊರೆದಿದ್ದನು. ಐದು ಮೈಲಿಗೆ ಒಂದಂಗುಲದ ಮಾನ. ೧೫ ಹಾಳೆಗಳನ್ನು ಸೇರಿಸಿದರೆ ಎಂಟು ಅಡಿಗೂ ಮಿಕ್ಕ ಎತ್ತರ, ಆರು ಅಡಿಯ ಅಗಲ. ಪ್ರತಿಯೊಂದು ಪ್ರತಿಗೂ ಕೈಯಿಂದಲೇ ಬಣ್ಣ. ಆ ಬಣ್ಣದಲ್ಲಿ ಒಂದು ಜಾಣತನವಿತ್ತು: ಒಂದೊಂದು ಹಾಸಿನ ಬುಡದ ಅಂಚಿಗೆ ಗಾಢವಾಗಿ ಬಳಿದು, ಮೇಲ್ಮೇಲಕ್ಕೆ ತೆಳುವಾಗಿಸಿದ್ದನು. ಇದರಿಂದ ಯಾವುದು ಯಾವುದರ ಮೇಲೆ ಒರಗಿದೆ ಎಂಬುದು ಓದುಬಾರದವನಿಗೂ ತಿಳಿಯುತ್ತಿತ್ತು. ಈಗಿನ ನಕ್ಷೆಗಳಲ್ಲಿ ಬಣ್ಣ ಸಪಾಟಾಗಿರುತ್ತದೆ. ಅನುಕೂಲವೇನೋ ಹೆಚ್ಚಿರಬಹುದು, ಚೆಲುವು ಕಡಮೆಯಾಗಿದೆ.

ಮುಂದಿನ ಕಥೆ ಸುಖದ್ದಲ್ಲ. ೧೮೦೭ರಲ್ಲಿ ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರದ ಸಂಘವು ಸ್ಥಾಪಿತವಾಗಿತ್ತು. ಅದರ ಮೊದಲ ಅಧ್ಯಕ್ಷನಾದ ಜಾರ್ಜ್ ಗ್ರೀನೋ ಎಂಬ ಧನಿಕನು ೧೮೦೮ರಲ್ಲಿ ಸ್ಮಿತ್ತನ ಮನೆಗೆ ಬಂದು ಅವನ ಸಂಗ್ರಹವನ್ನು ನೋಡಿಹೋದನು. ಸ್ಮಿತ್ತನನ್ನು ಸಂಘಕ್ಕೆ ಯಾರೂ ಕರೆಯಲಿಲ್ಲ. ಸಂಘವೂ ಒಂದು ನಕ್ಷೆಯನ್ನು ಸಿದ್ಧಪಡಿಸತೊಡಗಿ, ೧೮೨೦ರಲ್ಲಿ ಗ್ರೀನೋವಿನ ಹೆಸರಿನಲ್ಲಿ ಪ್ರಕಟಿಸಿತು. ಗ್ರೀನೋವಿಗೆ ಪಳೆಯುಳಿಕೆಗಳ ಮಾರ್ಗದಲ್ಲಿ ನಂಬಿಕೆ ಸಾಲದು. ಅವನೂ ಅವನ ಸ್ನೇಹಿತರೂ ತಾವಾಗಿಯೇ ಕೂಡಿಹಾಕಿದ ಸಂಗತಿಗಳು ಬಹಳವಿದ್ದುವೆಂಬುದನ್ನು ನಾವು ಒಪ್ಪಬೇಕು. ಆದರೆ ಸ್ಮಿತ್ತನ ಋಣವೂ ಅದರಲ್ಲಿತ್ತು. ಗ್ರೀನೋ ತೀರಿಕೊಂಡ ಮೇಲೆ, ೧೮೬೫ರ ಮುದ್ರಣದಲ್ಲಿ, ಸ್ಮಿತ್ತನ ನಕ್ಷೆಯೇ ಅದಕ್ಕೆ ಆಧಾರವೆಂದು ಸಂಘದವರೇ ಅಚ್ಚುಮಾಡಿಸಿದರು. ಅದನ್ನು ಓದಲು ಸ್ಮಿತ್ತನು ಇರಲಿಲ್ಲ.

ಇದರ ಮಧ್ಯೆ ಅವನು ಸಾಲದಲ್ಲಿ ಮುಳುಗಿದನು. ಬಾತಿನ ಬಳಿ ಅವನು ನಡೆಸಿದ ಕಲ್ಲುಗಣಿಯಲ್ಲಿ ಒಳ್ಳೆಯ ಕಲ್ಲು ಹೊರಡಲಿಲ್ಲ. ದೇಶದ ಕಲ್ಲನ್ನೆಲ್ಲ ಬಲ್ಲವನಿಗೆ ತನ್ನ ಹಿತ್ತಿಲ ಕಲ್ಲು ಕೈಕೊಟ್ಟಿತು! ಪಳೆಯುಳಿಕೆಗಳ ಸಂಗ್ರಹವನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೆ ಮಾರಿದರೂ ಸಾಲ ತೀರದೆ, ೧೮೧೯ನೆಯ ಜೂನ್ ತಿಂಗಳಲ್ಲಿ ಲಂಡನ್ನಿನ ಸಾಲಗಾರರ ಸೆರೆಮನೆಯನ್ನು ಹೊಕ್ಕನು. ಆಗಸ್ಟ್ ಕೊನೆಯಲ್ಲಿ ಹೊರಬಂದಾಗ ಮನೆ, ಸಾಮಾನು ಎಲ್ಲ ಪರರ ಪಾಲಾಗಿತ್ತು, ಹೆಂಡತಿಗೆ ಮತಿವಿಕಲವಾಯಿತು. ಉತ್ತರದ ಯಾರ್ಕ್ ಸೀಮೆಯಲ್ಲಿ ಮತ್ತೆ ಮೋಜಣಿಯ ಕೂಲಿಯಿಂದ ಜೀವಿಸಿದನು. ೧೮೩೧ರಲ್ಲಿ ಅದೇ ಸಂಘವು ತನ್ನ ವೊಲಾಸ್ಟನ್ ಪದಕವನ್ನು ಮೊಟ್ಟಮೊದಲು ಅವನಿಗೇ ಕೊಟ್ಟಿತು. ಮರುವರ್ಷ ವರ್ಷಕ್ಕೆ ನೂರು ಪೌಂಡಿನ ವಿಶ್ರಾಂತಿವೇತನವೂ ಬಂದಿತು. ೧೮೩೯ರಲ್ಲಿ ಅವನು ತೀರಿಕೊಂಡನು.

ಇನ್ನು ನಮ್ಮ ನೆಲದ ಮಾತು. ಸ್ಮಿತ್ತನನ್ನು ಕರೆತಂದು ಮೈಸೂರು ಸೀಮೆಯಲ್ಲಿ ನಿಲ್ಲಿಸಿದ್ದರೆ ಅವನ ಕೀಲಿಕೈ ಇಲ್ಲಿಯ ಬೀಗಕ್ಕೆ ಹೊಂದುತ್ತಿರಲಿಲ್ಲ. ನಮ್ಮ ಶಿಲೆಗಳು ಚಿಪ್ಪಿನ ಪ್ರಾಣಿಗಳು ಹುಟ್ಟುವುದಕ್ಕಿಂತ ಎಷ್ಟೋ ಮುಂಚಿನವು. ಬೆಂಗಳೂರಿನ ಲಾಲ್‌ಬಾಗಿನ ಬಂಡೆಗೆ ಸುಮಾರು ೩೦೦ ಕೋಟಿ ವರ್ಷ. ಅದರಲ್ಲಿ ಚಿಪ್ಪನ್ನು ಹುಡುಕುವುದು ವ್ಯರ್ಥ. ಪಳೆಯುಳಿಕೆಯಿಲ್ಲದೆ ಯಾವುದು ಮುಂಚೆ, ಯಾವುದು ಆಮೇಲೆ ಎಂದು ಹೇಳುವುದು ಹೇಗೆ? ಒಂದು ಶಿಲೆಯು ಇನ್ನೊಂದನ್ನು ಸೀಳಿಕೊಂಡು ನುಗ್ಗಿದ್ದರೆ ನುಗ್ಗಿದ್ದು ಕಿರಿಯದು. ಒಂದರ ಉರುಟು ಕಲ್ಲುಗಳು ಇನ್ನೊಂದರಲ್ಲಿ ಹುದುಗಿದ್ದರೆ ಉರುಟುಗಳನ್ನು ಕೊಟ್ಟದ್ದು ಹಿರಿಯದು. ಎರಡು ಬಣ್ಣಗಳು ಕೂಡುವ ಗೆರೆಯ ಮೇಲೆ ಹೋಗಿ ನಿಂತು ನೋಡುವುದಲ್ಲದೆ ಬೇರೆ ಉಪಾಯವಿರಲಿಲ್ಲ.

ಇಂತಹ ಒಂದು ಗೆರೆಯ ವಿಷಯದಲ್ಲಿ ಇಲ್ಲಿ ದೊಡ್ಡ ವಿವಾದವೇ ನಡೆಯಿತು. ಧಾರವಾಡ, ಬಳ್ಳಾರಿ ಸೀಮೆಗಳಲ್ಲಿ ಬಹುಕಾಲ ಸಂಚರಿಸಿದ ರಾಬರ್ಟ್ ಬ್ರೂಸ್ ಫೂಟ್ ಸಾಹೇಬರು, ಚಿನ್ನ ಮತ್ತು ಕಬ್ಬಿಣದ ಅದಿರನ್ನೊಳಗೊಂಡ ಹಸುರು ಷಿಸ್ಟ್ ಶಿಲೆಗಳ ಪಟ್ಟೆಗಳಿಗೆ ೧೮೮೬ರಲ್ಲಿ ಧಾರವಾಡದ ಹೆಸರನ್ನಿಟ್ಟರು. ೧೮೯೪ರಲ್ಲಿ ಮೈಸೂರಿನ ಭೂಗರ್ಭ ಇಲಾಖೆ ಹುಟ್ಟಿದಾಗ ಅದರ ಮೊದಲ ಮುಖ್ಯಸ್ಥರೂ ಅವರೇ. ಸುತ್ತಣ ಬೂದುಬಣ್ಣದ ನೈಸ್ ಶಿಲೆ ಹಳೆಯದು, ಧಾರವಾಡದ ಶಿಲೆಗಳು ಅದರ ಮೇಲೆ ಹಾಸಿಕೊಂಡವು ಎಂಬುದು ಅವರ ಮತ. ಅವರ ತರುವಾಯ ಬಂದ ಸ್ಮೀತ್ ಸಾಹೇಬರು (ಹೆಸರಿನ ಹೋಲಿಕೆಯಿಂದ ಶ್ರೋತೃಗಳು ಗಲಿಬಿಲಿಗೊಳ್ಳಬಾರದು) ಇದನ್ನು ತಲೆಕೆಳಗು ಮಾಡಿದರು. ನೈಸ್ ಶಿಲೆಯ ಎಳೆಗಳು ಷಿಸ್ಟಿನೊಳಕ್ಕೆ ನುಗ್ಗಿರುವುದನ್ನೂ, ಷಿಸ್ಟಿನ ತುಣುಕುಗಳು ನೈಸಿನಲ್ಲಿ ಸಿಕ್ಕಿಕೊಂಡಿರುವುದನ್ನೂ ತೋರಿಸಿ, ಧಾರವಾಡವೇ ಎಲ್ಲಕ್ಕಿಂತ ಹಳೆಯದೆಂದು ೧೯೧೬ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಹಾಗಾದರೆ ಷಿಸ್ಟಿನ ಪಟ್ಟೆಗಳಲ್ಲಿ ಕಾಣುವ ಉರುಟು ಕಲ್ಲುಗಳ ಗತಿಯೇನು? ಅವುಗಳಲ್ಲಿ ಬಹಳಷ್ಟು ನೀರಿನಲ್ಲಿ ಉರುಳಿ ಆದುವಲ್ಲ, ಬಂಡೆಗಳ ಒತ್ತಡದಲ್ಲಿ ನುರಿದು ಉರುಟಾದುವು ಎಂದು ಅವರ ಪಕ್ಷದವರು ಹೇಳಿದರು. ನಕ್ಷೆಯಲ್ಲಿ ಹಸುರು ಪಟ್ಟೆ ಇದ್ದಲ್ಲಿಯೇ ಇತ್ತು, ಗುಲಾಬಿ ಇದ್ದಲ್ಲಿಯೇ ಇತ್ತು. ಒಂದೇ ಹಾಳೆಯಿಂದ ಎರಡು ಎದುರುಬದುರಾದ ಚರಿತ್ರೆಗಳನ್ನು ಓದುವ ಹಾಗಾಯಿತು.

ಬಂಡೆಯ ವಯಸ್ಸನ್ನು ಅದರೊಳಗಣ ವಿಕಿರಣ ಧಾತುಗಳಿಂದ ಲೆಕ್ಕಹಾಕುವ ವಿಧಾನ ಬಂದ ಮೇಲೆ, ಮತ್ತೆ ಮತ್ತೆ ಆ ಗೆರೆಗಳ ಮೇಲೆ ನಡೆದ ಮೇಲೆ, ಇಬ್ಬರಿಗೂ ಅರ್ಧರ್ಧ ಜಯ ಸಿಕ್ಕಿತು. ಒಂದೇ ಹಸುರಿನಲ್ಲಿ ಎರಡು ಕಾಲದ ಶಿಲೆಗಳು ಬೆರೆತಿದ್ದುವು. ೧೯೭೬ರಲ್ಲಿ ಸ್ವಾಮಿನಾಥ್, ರಾಮಕೃಷ್ಣನ್, ವಿಶ್ವನಾಥ ಎಂಬ ಮೂವರು ವಿಜ್ಞಾನಿಗಳು ಹಳೆಯ ತುಣುಕುಗಳನ್ನು ಸರಗೂರು ಗುಂಪೆಂದೂ, ಕಿರಿಯ ಹಾಸುಗಳನ್ನು ಧಾರವಾಡವೆಂದೂ ಬೇರ್ಪಡಿಸಿದರು. ಮೈಸೂರಿನಿಂದ ತೆಂಕಲಾಗಿ ಸರಗೂರಿನ ಕಡೆಗೆ ಹೋದರೆ ಬೂದು ನೈಸಿನೊಳಗೆ ಷಿಸ್ಟಿನ ತುಣುಕುಗಳು ಸಿಕ್ಕಿಕೊಂಡಿರುವುದು ಕಾಣುತ್ತದೆ. ಅಲ್ಲಿ ಸ್ಮೀತರ ಮಾತು ನಿಜ. ಚಿಕ್ಕಮಗಳೂರಿನಿಂದ ಬಾಬಾಬುಡನ್ ಬೆಟ್ಟದ ಬುಡಕ್ಕೆ ಹೋದರೆ, ಹಳೆಯ ಬಂಡೆಯ ಮೇಲೆ ಧಾರವಾಡದ ಮೊದಲ ಹಾಸು ಕುಳಿತಿದೆ. ಅದರಲ್ಲಿ ಹುದುಗಿರುವ ಬೆಣಚುಕಲ್ಲುಗಳು ಹೊಳೆಯಲ್ಲಿ ಉರುಳಿದಂತೆ ನುಣ್ಣಗೆ, ದುಂಡಗೆ ಇವೆ. ಅಲ್ಲಿ ಫೂಟ್ ಸಾಹೇಬರ ಮಾತು ನಿಜ.